ಜೋಡಿ ಬೀಚ್ ಮರದ ಬುಡದಲ್ಲಿ

ನವೆಂಬರ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಏಳೂವರೆಗೆ ಪಾರ್ಕು ತಲುಪಿದಾಗ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿತ್ತು. ಹೆಗಲಿಗೆ ಚೀಲ ಏರಿಸಿಕೊಂಡು ಮೊದಲ ಟೀ ಕಡೆಗೆ ನಡೆದೆ. ಟೀ ಎಂದರೆ ಮೊದಲ ಎಸೆತಕ್ಕೆ ನಿಲ್ಲುವ ಜಾಗ, ಸಿಮೆಂಟಿನ ಒಂದು ಚಪ್ಪಡಿ, ಊರಲ್ಲಿ ಬಾವಿಯ ಪಕ್ಕ ಬಟ್ಟೆ ಒಗೆಯಲು ಹಾಕಿದ ಜಾಗದಷ್ಟು. ಅದರ ಮೇಲೆ ನಿಂತರೆ ಎದುರಿಗೆ ಬರೀ ಕಾಡು. ಕಾಡಿನೊಳಗೆ ಮೂರು ಮಾರು ಅಗಲದ ಒಂದು ದಾರಿ ಸ್ವಲ್ಪ ದೂರ ನೇರ ಹೋಗಿ, ಬಲಕ್ಕೆ ಹೊರಳಿ ಕಣ್ಮರೆಯಾಗುತ್ತದೆ. ಆ ತಿರುವಿನಾಚೆ ಒಂದು ಕಬ್ಬಿಣದ ಕಂಬ, ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು. ಕೈಯಲ್ಲಿರುವ ಪ್ಲಾಸ್ಟಿಕ್ ತಟ್ಟೆಯನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಆ ಬುಟ್ಟಿಗೆ ಮುಟ್ಟಿಸಬೇಕು. ಎಸೆದ ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಇಂಥ ಬುಟ್ಟಿಗಳು 18. ಡಿಸ್ಕ್ ಗಾಲ್ಫ್ ಎಂದರೆ ಇಷ್ಟೇ.

ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾರ್ಲೆಟ್‌ನಲ್ಲಿ. ಈ ಆಟದವರಿಗೆ ಇದು ದೊಡ್ಡ ಊರು. 2012ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲಿ. ದಕ್ಷಿಣಕ್ಕೆ ಅರ್ಧ ಗಂಟೆ ಹೋದರೆ ಸಿಗುವ ರಾಕ್ ಹಿಲ್‌ನಲ್ಲಿ, ವಿಂಥ್ರೋಪ್ ವಿಶ್ವವಿದ್ಯಾಲಯದ ಕೆರೆಯ ದಂಡೆಯಲ್ಲಿ, 1999ರಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದುಕೊಂಡು ಬಂದಿದೆ. ಅಲ್ಲಿನದು ಬಹುಪಾಲು ಬಯಲಿನ ಆಟ. ಹಗ್ಗ ಎಳೆದು ಗಡಿ ಗುರುತು ಮಾಡಿರುತ್ತಾರೆ. ನೀರು, ಗಾಳಿ, ದೂರ ಇವುಗಳ ಜೊತೆ ಸೆಣಸಬೇಕು. ಅದನ್ನು ನೋಡಲು ನನಗೂ ಇಷ್ಟ. ಆದರೆ ಆಡಬೇಕೆನಿಸುವುದು ಕಾಡಿನಲ್ಲಿ ಮಾತ್ರ.

ಆಟ ಹುಟ್ಟಿದ್ದೂ ಮರಗಳ ನಡುವೆಯೇ. ಎಡ್ ಹೆಡ್ರಿಕ್ ಎಂಬವರು ಫ್ರಿಸ್ಬಿ ತಯಾರಿಸುತ್ತಿದ್ದ ವಾಮ್-ಓ ಕಂಪನಿಯಲ್ಲಿ ಕೆಲಸಕ್ಕಿದ್ದವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್, ಅಂದರೆ ಆಟದ ಅಂಗಳ, ಹಾಕಿಸಿದರು, ಹೆಸರೇ ಹೇಳುವಂತೆ ಓಕ್ ಮರಗಳ ತೋಪು. ಮೊದಮೊದಲು ಗುರಿ ಬರೀ ಕಂಬವಾಗಿತ್ತು. ತಗುಲಿತೋ ಇಲ್ಲವೋ ಎಂಬ ವಾದ ತೀರಲಿಲ್ಲವಾದ್ದರಿಂದ ಸರಪಳಿ ಇಳಿಬಿಟ್ಟ ಬುಟ್ಟಿಯನ್ನು ರೂಪಿಸಿದರು. ಓಡಿಬಂದ ತಟ್ಟೆಯ ವೇಗವನ್ನು ಸರಪಳಿ ನುಂಗಿಕೊಂಡು ಅದನ್ನು ಕೆಳಗೆ ಬೀಳಿಸುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಜಗಲಿಯ ತೂಗುಮಣೆಯಿಂದ ಯಾರೋ ತಟ್ಟನೆ ಎದ್ದುಹೋದಂತೆ ಅನಿಸುತ್ತದೆ. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ ಅವರ ಇಚ್ಛೆಯಂತೆಯೇ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್‌ಗಳನ್ನು ಎರಕ ಹೊಯ್ದರು.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯಿಂದ ಬಂದವನು. ನಮ್ಮಲ್ಲಿ ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ ಇರುತ್ತದೆ. ಅಲ್ಲಿಯ ಸೊಪ್ಪು, ಅಲ್ಲಿಯ ದರಕು ಎಂಬ ಒಣ ತರಗೆಲೆ ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಅಪ್ಪನಿಗೆ ಆ ಬೆಟ್ಟದ ಮರಗಳು ಒಂದೊಂದಾಗಿ ಗೊತ್ತು. ಮತ್ತಿ, ನಂದಿ, ಹೊನ್ನೆ ಎಂಬ ಜಾತಿಯ ಹೆಸರು ಅವರಿಗೆ ಸಾಲದು. ಜೋಡಿ ನಂದಿ, ಗೂಬೆ ಮತ್ತಿ, ಸಿಡಿಲು ಬಡಿದ ಹೊನ್ನೆ. 'ಗೂಬೆ ಮತ್ತಿಯ ಹತ್ತಿರ ಕತ್ತಿ ಬಿಟ್ಟು ಬಂದಿದ್ದೇನೆ, ಓಡಿಹೋಗಿ ತಾ' ಎಂದರೆ ಮನೆಯ ಮಕ್ಕಳಲ್ಲಿ ಯಾರೂ ಯಾವ ಮರ ಎಂದು ಕೇಳುತ್ತಿರಲಿಲ್ಲ.

ಶಾರ್ಲೆಟ್‌ಗೆ ಬಂದು ಆರು ವರ್ಷ ಕಳೆದರೂ ಇಲ್ಲಿಯ ಒಂದು ಮರದ ಹೆಸರೂ ನನಗೆ ತಿಳಿದಿರಲಿಲ್ಲ. ಮನೆಯ ಕಿಟಕಿಯಿಂದ ಹಸಿರು ಕಾಣುತ್ತಿತ್ತು. ಚಳಿಗಾಲದಲ್ಲಿ ಹಸಿರು ಹೋಗಿ ಬೂದು ಕಾಣುತ್ತಿತ್ತು. ಆ ವರ್ಷಗಳನ್ನು ನೆನೆದರೆ ನನಗೆ ಈಗ ನಿಜವಾಗಿ ಬೇಸರವಾಗುತ್ತದೆ. ಊರಿನಲ್ಲಿ ಕಾಡು ಗೊತ್ತಾಗುವುದು ಕೆಲಸದಿಂದ. ಕೆಲಸವಿಲ್ಲದ ಕಾಡನ್ನು ಹೇಗೆ ಪರಿಚಯ ಮಾಡಿಕೊಳ್ಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಈ ಆಟ ಕಲಿಸಿತು.

ಮೊದಲ ಬುಟ್ಟಿಯ ದಾರಿಯ ಎಡಕ್ಕೆ ಟ್ಯುಲಿಪ್ ಪಾಪ್ಲರ್ ಎಂಬ ಮರವಿದೆ. ಕಂಬದಂತೆ ನೇರ, ಮೊದಲ ಕೊಂಬೆ ಮೂರು ಆಳೆತ್ತರಕ್ಕೂ ಮೇಲೆ. ಆಟ ಶುರುಮಾಡಿದ ಹೊಸದರಲ್ಲಿ ನಾಲ್ಕು ಭಾನುವಾರ ಸತತವಾಗಿ ನನ್ನ ಮೊದಲ ಎಸೆತ ಆ ಒಂದೇ ಕಾಂಡಕ್ಕೆ ಬಡಿಯಿತು. ಐದನೆಯ ವಾರ ಇದು ಯಾವ ಮರ ಎಂದು ತಿಳಿದುಕೊಳ್ಳದೆ ಇರಲಾಗಲಿಲ್ಲ. ಹುಡುಕಿದಾಗ ತಿಳಿದದ್ದು: ಹೆಸರಿನಲ್ಲಿ ಪಾಪ್ಲರ್ ಇದ್ದರೂ ಇದು ಸಂಪಿಗೆಯ ಕುಟುಂಬದ್ದು. ಏಪ್ರಿಲ್ ಕೊನೆಯಲ್ಲಿ ತುದಿಗಳಲ್ಲಿ ಹಸಿರು ಹಳದಿ ಬಟ್ಟಲಿನಂಥ ಹೂ ಬಿಡುತ್ತದೆ, ಬುಡದ ಹತ್ತಿರ ಕಿತ್ತಳೆ ಬಣ್ಣದ ಪಟ್ಟಿ. ಕೆಳಗೆ ಬಿದ್ದ ಒಂದು ಹೂವನ್ನು ಎತ್ತಿ ನೋಡಿದೆ. ನಡುವಿನ ಆ ಮೊನಚು ದಿಂಡು, ಅದರ ಸುತ್ತ ಹೆಣೆದ ಕೇಸರಗಳು, ನಮ್ಮ ದೇವರ ಮನೆಯ ಸಂಪಿಗೆಯದೇ ಕಟ್ಟು. ಸಂಪಿಗೆಯ ನೆಂಟನೊಬ್ಬ ಇಷ್ಟು ದಿನ ದಾರಿಗೆ ಅಡ್ಡ ನಿಂತು ನನ್ನನ್ನು ಕರೆಯುತ್ತಿದ್ದ.

ಈ ಆಟದಲ್ಲಿ ಎಲ್ಲರೂ ಕೊಡುವ ಒಂದು ಸಲಹೆ ಇದೆ: ಮರವನ್ನು ನೋಡಬೇಡ, ಮರಗಳ ನಡುವಿನ ಬೆಳಕನ್ನು ನೋಡು. ಎಸೆತಕ್ಕೆ ಒಳ್ಳೆಯ ಸಲಹೆಯೇ ಇರಬಹುದು. ನನಗೆ ಮಾತ್ರ ಮರ ನೋಡದೆ ಆಡುವುದಾದರೆ ಕಾಡಿಗೆ ಯಾಕೆ ಬರಬೇಕು ಅನಿಸುತ್ತದೆ.

ಎರಡು, ಮೂರು, ನಾಲ್ಕನೆಯ ಬುಟ್ಟಿಗಳು ಸಲೀಸಾಗಿ ಮುಗಿದವು. ಐದರಲ್ಲಿ ದಾರಿ ಮೊದಲು ನೇರ ಹೋಗಿ ಕೊನೆಗೆ ಎಡಕ್ಕೆ ಬಾಗುತ್ತದೆ. ಬಲಗೈಯಲ್ಲಿ ಎಸೆಯುವವರಿಗೆ ಅದು ದೇವರು ಕೊಟ್ಟ ದಾರಿ. ಎದೆಯ ಮುಂದಿನಿಂದ ಎಳೆದು ಬಿಟ್ಟ ತಟ್ಟೆ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ವೇಗ ಕುಂದಿದಂತೆ ಗಾಳಿ ಅದರ ಮುಂದಿನ ಅಂಚನ್ನು ಮೇಲಕ್ಕೆ ಒತ್ತುತ್ತದೆ. ಆದರೆ ಸುತ್ತುವ ವಸ್ತು ಒತ್ತಿದ ಕಡೆಗೆ ವಾಲುವುದಿಲ್ಲ, ಕಾಲು ಸುತ್ತು ಆಚೆಗೆ ವಾಲುತ್ತದೆ. ಹಾಗಾಗಿ ಬಲ ಅಂಚು ಏಳುತ್ತದೆ, ತಟ್ಟೆ ಎಡಕ್ಕೆ ಜಾರುತ್ತದೆ. ಬುಗುರಿ ಆಡಿಸಿದ ಕೈಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬುಗುರಿಯೂ ಬೀಳಬೇಕಾದ ಕಡೆಗೆ ಬೀಳದೆ ಪಕ್ಕಕ್ಕೆ ತೂಗುತ್ತ ಸುತ್ತು ಬರುತ್ತದಲ್ಲ, ಅದೇ ಗುಣ. ಬಯಲಿನಲ್ಲಿ ದೂರ ಓಡುವ, ಚೂಪು ಅಂಚಿನ ಡ್ರೈವರ್ ಡಿಸ್ಕ್‌ಗಳು ಕಾಡಿನಲ್ಲಿ ಮೊದಲ ಮರಕ್ಕೇ ನಿಲ್ಲುತ್ತವೆ. ಇಲ್ಲಿ ಬೇಕಾದದ್ದು ನಿಧಾನದ, ದುಂಡು ಅಂಚಿನ ಪಟರ್ ಮತ್ತು ಮಿಡ್‌ರೇಂಜ್. ನನ್ನ ಚೀಲದಲ್ಲಿರುವುದು ನಾಲ್ಕೇ ಡಿಸ್ಕ್. ಅವು ನೂರೆಪ್ಪತ್ತೈದು ಗ್ರಾಂ ಆಸುಪಾಸಿನವು, ಅಂಗೈಯಲ್ಲಿ ಹಿಡಿದರೆ ಒಂದು ಒಳ್ಳೆಯ ಮಾವಿನ ಹಣ್ಣಿನ ತೂಕ.

ಏಳನೆಯದರಲ್ಲಿ ನನ್ನ ತಟ್ಟೆ ಹಾಲಿ ಎಂಬ ಗಿಡದ ಪೊದೆಯ ಹಿಂದೆ ಹೋಗಿ ಕುಳಿತಿತು. ಮುಳ್ಳಂಚಿನ ಎಲೆಗಳ ಒಂದು ರೆಂಬೆ ನನ್ನ ಭುಜಕ್ಕೂ ದಾರಿಗೂ ನಡುವೆ ಇತ್ತು. ಕೈಯಿಂದ ಬಗ್ಗಿಸಿ ಹಿಡಿದರೆ ಎಸೆತ ಸುಲಭ. ಆದರೆ ಆಟದ ನಿಯಮ ಇದನ್ನು ಒಪ್ಪುವುದಿಲ್ಲ. ಕೋರ್ಸಿನ ಭಾಗವಾಗಿರುವ ಗಿಡಮರಗಳನ್ನು ಆದಷ್ಟು ಕಡಿಮೆ ಅಲುಗಿಸುವಂಥ ನಿಲುವನ್ನೇ ಆಟಗಾರ ಆರಿಸಿಕೊಳ್ಳಬೇಕು. ಕಡ್ಡಿ ಮುರಿಯುವಂತಿಲ್ಲ. ನಾವು ಬಾಗಬೇಕು, ಗಿಡ ಬಾಗಬಾರದು. ನಾನು ಮೊಣಕಾಲೂರಿ, ಮೈಯನ್ನು ಓರೆ ಮಾಡಿ, ರೆಂಬೆಯ ಅಡಿಯಿಂದ ಕೈ ಹಾಯಿಸಿ ಎಸೆದೆ. ಆಟದ ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಕಾಡಿನ ಅಂಚಿನಲ್ಲಿ ಬೆಳೆದವರಿಗೆ ಹಸಿ ಟೊಂಗೆ ಮುರಿಯುವಾಗ ಒಂದು ಕ್ಷಣ ಕೈ ತಡೆಯುತ್ತದೆ. ಆ ತಡೆಯನ್ನು ಯಾರೋ ನಿಯಮವಾಗಿ ಬರೆದಿಟ್ಟಿದ್ದಾರೆ.

ಒಂಬತ್ತರ ಇಳಿಜಾರಿನಲ್ಲಿ ಮಣ್ಣಿನ ಅಡ್ಡ ಏರಿಗಳು ಕಾಣುತ್ತವೆ, ಗದ್ದೆಯ ಹಾಳಿಯಂತೆ, ಮೊಣಕಾಲೆತ್ತರ. ಅವು ತಾವಾಗಿ ಆದವಲ್ಲ. ಕೆರೊಲಿನಾದ ಈ ಸೀಮೆಯೆಲ್ಲ ಒಂದು ಕಾಲಕ್ಕೆ ಹತ್ತಿಯ ಹೊಲವಾಗಿತ್ತು. ಗುಲಾಮರ ಬೆವರಿನಲ್ಲಿ, ಅವರ ಬಿಡುಗಡೆಯ ನಂತರ ಪಾಲಿಗೆ ಉಳುವ ಬಡವರ ಬೆವರಿನಲ್ಲಿ ಹತ್ತಿ ಬೆಳೆಯಿತು. ಉತ್ತು ಉತ್ತು ಮೇಲ್ಮಣ್ಣು ಕೊಚ್ಚಿಹೋಯಿತು. ಅದನ್ನು ತಡೆಯಲು ಇಂಥ ಏರಿ ಹಾಕಿದರು. ಬೋಲ್ ವೀವಿಲ್ ಎಂಬ ದುಂಬಿ ಹತ್ತಿಯ ಕಾಯಿಗೇ ಬಿತ್ತು, ಬೆಲೆ ಕುಸಿಯಿತು, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೊಲಗಳು ಒಂದೊಂದಾಗಿ ಪಾಳುಬಿದ್ದವು. ಪಾಳು ಹೊಲಕ್ಕೆ ಮೊದಲು ಬಂದದ್ದು ಹುಲ್ಲು, ಆಮೇಲೆ ಪೈನ್. ಪೈನ್‌ನ ನೆರಳಿನಲ್ಲಿ ಓಕ್, ಹಿಕರಿ ಮೊಳೆತವು. ಇಲ್ಲಿಯ ಮಣ್ಣೂ ನಮ್ಮ ಕಡೆಯ ಹಾಗೆ ಕಬ್ಬಿಣದ ಕೆಂಪು, ಮಳೆ ಬಂದರೆ ಅದೇ ಬಣ್ಣದ ಕೆಸರು ಬೂಟಿಗೆ ಹತ್ತುತ್ತದೆ. ಮೊದಲ ಸಲ ಈ ಏರಿಗಳ ಅರ್ಥ ತಿಳಿದ ದಿನ ನಾನು ಆಟ ಅಲ್ಲಿಗೇ ನಿಲ್ಲಿಸಿ ಒಂದು ಏರಿಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಯಾರದೋ ಬೆನ್ನು ಬಾಗಿದ ಜಾಗದಲ್ಲಿ ನಾನು ಆಡಲು ಬರುತ್ತಿದ್ದೇನೆ ಎಂಬುದನ್ನು ಮರೆಯಬಾರದು ಅನಿಸಿತು. ಈಗಲೂ ಏರಿ ದಾಟುವಾಗ ಮೆಲ್ಲಗೆ ದಾಟುತ್ತೇನೆ.

ಹನ್ನೊಂದನೆಯದರಲ್ಲಿ ಡಿಸ್ಕ್ ಕಳೆದುಹೋಯಿತು.

ಎಸೆತ ಚೆನ್ನಾಗಿಯೇ ಹೋಗಿತ್ತು. ಕೊನೆಯಲ್ಲಿ ಒಂದು ತೆಳು ಮರದ ಕಾಂಡಕ್ಕೆ ತಾಗಿ, ಎಡಕ್ಕೆ ಸಿಡಿದು, ನೆಲಕ್ಕೆ ಮುಟ್ಟಿ ಸರ್ರನೆ ಜಾರಿದ ಸದ್ದು ಕೇಳಿಸಿತು. ನವೆಂಬರ್‌ನ ತರಗೆಲೆ ಗೇಣು ಆಳ ಬಿದ್ದಿರುತ್ತದೆ. ಚಪ್ಪಟೆಯಾಗಿ ಬಂದ ತಟ್ಟೆ ಎಲೆಗಳ ಅಡಿಗೆ ನುಸುಳಿದರೆ ಮೇಲೆ ಗುರುತೇ ಉಳಿಯುವುದಿಲ್ಲ. ನನ್ನದು ಕಿತ್ತಳೆ ಬಣ್ಣದ್ದು, ಈ ತಿಂಗಳಿಗೆ ತರಬಾರದಿದ್ದ ಬಣ್ಣ. ಸ್ಪರ್ಧೆಯಲ್ಲಾದರೆ ಹುಡುಕಲು ಮೂರೇ ನಿಮಿಷ. ನನಗೆ ಅವಸರವಿರಲಿಲ್ಲ.

ಕಾಲಿನಿಂದ ಎಲೆ ಸರಿಸುತ್ತ ಸಾಲು ಹಿಡಿದು ಹೋದೆ. ಮೇಲಿನ ಪದರ ಗರಿಗರಿ, ಬಿಳಿ ಓಕ್‌ನ ಬೆರಳು ಬೆರಳಾದ ಎಲೆ, ಸ್ವೀಟ್‌ಗಮ್‌ನ ನಕ್ಷತ್ರದಂಥ ಎಲೆ, ಅದರ ಮುಳ್ಳುಗುಂಡು ಕಾಯಿಗಳು. ಅದರ ಕೆಳಗೆ ಹೋದ ವರ್ಷದ ಎಲೆ, ಒದ್ದೆ, ಕಪ್ಪು, ಒಂದಕ್ಕೊಂದು ಅಂಟಿಕೊಂಡದ್ದು. ಅದರ ಕೆಳಗೆ ಬಿಳಿಯ ಶಿಲೀಂಧ್ರದ ನೂಲು, ಆಮೇಲೆ ಮಣ್ಣು. ಆ ವಾಸನೆ ಮೂಗಿಗೆ ಬಡಿದಾಗ ಕಾಲು ತಾನಾಗಿ ನಿಂತಿತು. ನಮ್ಮಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ದರಕು ಗುಡಿಸುವ ಕೆಲಸ. ಅಮ್ಮ ಮತ್ತು ಕೆಲಸಕ್ಕೆ ಬರುವ ಹೆಂಗಸರು ಬೆಳಗಿನ ಇಬ್ಬನಿ ಆರುವ ಮೊದಲೇ ಬೆಟ್ಟಕ್ಕೆ ಹೋಗುತ್ತಿದ್ದರು. ಇಬ್ಬನಿ ಇದ್ದಾಗ ಎಲೆ ಪುಡಿಯಾಗುವುದಿಲ್ಲ, ಹೆಡಿಗೆಯಲ್ಲಿ ಒತ್ತಿ ತುಂಬಲು ಬರುತ್ತದೆ. ನಾವು ಮಕ್ಕಳು ಹೆಡಿಗೆಯೊಳಗೆ ಇಳಿದು ತುಳಿಯಬೇಕು. ಇಡೀ ಬೆಟ್ಟದ ತುಂಬ ಸರ್ ಸರ್ ಎಂಬ ಒಂದೇ ಸದ್ದು. ಅಮ್ಮನ ಕಿವಿಯೋಲೆ ಒಮ್ಮೆ ಹೀಗೇ ದರಕಿನಲ್ಲಿ ಬಿದ್ದು ಕಳೆದಾಗ ಎರಡು ದಿನ ಎಲ್ಲರೂ ಸಾಲಾಗಿ ಕುಳಿತು ಕೈಯಲ್ಲಿ ಎಲೆ ಜಾಲಾಡಿದ್ದೆವು. ಸಿಗಲಿಲ್ಲ. ಬೆಟ್ಟ ಇಟ್ಟುಕೊಂಡಿತು ಬಿಡು ಎಂದರು ಅಮ್ಮ. ಅದನ್ನು ನಷ್ಟವೆಂದು ಹೇಳಿದ ನೆನಪಿಲ್ಲ.

ಕೈ ಹಾಕಿ ಹುಡುಕುವಾಗ ಒಂದು ಎಚ್ಚರ ಬೇಕು. ಪಕ್ಕದ ಪೈನ್ ಮರಕ್ಕೆ ಕೂದಲು ಮೆತ್ತಿದ ಹಗ್ಗದಂಥ ಬಳ್ಳಿ ಹಬ್ಬಿತ್ತು. ಅದು ಪಾಯ್ಸನ್ ಐವಿ. ಎಲೆ ಉದುರಿದ ಮೇಲೂ ಬಳ್ಳಿಯಲ್ಲಿ ಸೊನೆ ಇರುತ್ತದೆ, ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ, ಮಾವಿನ ಸೊನೆ ಸಿಡಿದು ತುಟಿ ಸುಟ್ಟುಕೊಂಡವರಿಗೆ ಈ ಉರಿ ಹೊಸದಲ್ಲ. ಮೂರೂ ಒಂದೇ ಕುಟುಂಬದ ಗಿಡಗಳು. ಇನ್ನೊಂದು ಹೆದರಿಕೆ ರಕ್ತ ಹೀರುವ ಉಣ್ಣೆ ಹುಳದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಸುದ್ದಿ ಕೇಳುತ್ತಲೇ ಬೆಳೆದ ನಮಗೆ, ಕಾಡಿನಿಂದ ಬಂದ ಕೂಡಲೇ ಕಾಲು ತಿರುಗಿಸಿ ನೋಡಿಕೊಳ್ಳುವುದು ಮೈಗೇ ಬಂದ ಅಭ್ಯಾಸ. ಇಲ್ಲಿಯ ಉಣ್ಣೆಗಳು ಬೇರೆ, ಅವು ತರುವ ಜ್ವರಗಳೂ ಬೇರೆ, ಆದರೆ ಅಭ್ಯಾಸ ಇಲ್ಲೂ ಕಾಯುತ್ತದೆ.

ಹುಡುಕುತ್ತ ಹುಡುಕುತ್ತ ದಾರಿಯಿಂದ ಹತ್ತು ಮಾರು ಒಳಗೆ, ಜೋಡಿ ಬೀಚ್ ಮರದ ಬಳಿಗೆ ಬಂದಿದ್ದೆ. ಜೋಡಿ ಬೀಚ್ ಎಂಬುದು ನಾನಿಟ್ಟ ಹೆಸರು. ಒಂದೇ ಬುಡದಿಂದ ಎರಡು ಕಾಂಡಗಳು, ಆನೆಯ ಕಾಲಿನಂತೆ ನುಣುಪು ಬೂದು ತೊಗಟೆ. ಸುತ್ತಲಿನ ಮರಗಳೆಲ್ಲ ಬೋಳಾಗಿದ್ದರೂ ಬೀಚ್‌ನ ಎಳೆಯ ಕೊಂಬೆಗಳು ತೆಳು ಕಂದು ಎಲೆಗಳನ್ನು ವಸಂತದವರೆಗೂ ಬಿಡದೆ ಹಿಡಿದಿರುತ್ತವೆ. ಗಾಳಿ ಬಂದರೆ ಕಾಗದ ಮಗುಚಿದ ಸದ್ದು.

ದಾರಿಯ ಕಡೆಗೆ ಮುಖ ಮಾಡಿದ ಕಾಂಡದಲ್ಲಿ, ಎದೆಮಟ್ಟದಿಂದ ತಲೆಮಟ್ಟದವರೆಗೆ, ಗಾಯಗಳಿವೆ. ಬೆರಳಗಲದ ಅಡ್ಡ ಕಚ್ಚುಗಳು, ಕೆಲವು ಹಳೆಯವು, ಅಂಚು ಉಬ್ಬಿ ತುಟಿಯಂತೆ ಕೂಡಿಕೊಂಡವು. ಕೆಲವು ಹೊಸವು, ಒಳಗಿನ ಹಸಿ ಕಂದು ಕಾಣುವಂಥವು. ಒಂದೊಂದೂ ಒಂದೊಂದು ಡಿಸ್ಕ್ ಬಡಿದದ್ದು. ಬೀಚ್‌ನ ತೊಗಟೆ ತೆಳು. ಓಕ್‌ನಂತೆ ದಪ್ಪ ಹೊದಿಕೆ ಅದಕ್ಕಿಲ್ಲ.

ನಾಲ್ಕು ವರ್ಷದ ಹಿಂದೆ ಅಪ್ಪ ಬಂದಿದ್ದಾಗ ಅವರನ್ನೂ ಇಲ್ಲಿಗೆ ಕರೆತಂದಿದ್ದೆ. ಎಸೆಯಲು ಕೊಟ್ಟರೆ ಬೇಡವೆಂದರು. ಕೈ ಹಿಂದೆ ಕಟ್ಟಿಕೊಂಡು, ತಲೆ ಎತ್ತಿ ಮರ ನೋಡುತ್ತ, 18 ಬುಟ್ಟಿಯ ಸುತ್ತೂ ನಡೆದರು. ಈ ಬೀಚ್ ಮರದ ಮುಂದೆ ನಿಂತು ಹೆಬ್ಬೆರಳಿನಿಂದ ಒಂದೊಂದೇ ಕಚ್ಚನ್ನು ಸವರಿದರು. 'ಇದಕ್ಕೆ ಸೆಗಣಿ ಮಣ್ಣು ಮೆತ್ತುವವರು ಯಾರೂ ಇಲ್ಲವಾ?' ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, 'ನಾವೂ ಮರ ಕಡಿದವರೇ. ಆದರೆ ಸೊಪ್ಪು ಕಡಿಯುವವನು ತುದಿಯ ಕೊಂಬೆ ಬಿಟ್ಟು ಕಡಿಯುತ್ತಾನೆ. ಮುಂದಿನ ವರ್ಷ ಅದೇ ಮರದ ಹತ್ತಿರ ಬರುವುದಿದೆಯಲ್ಲ' ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅವರು ಊರಿಗೆ ಮರಳಿದ ಮೇಲೆ ಆ ಮಾತು ನನ್ನನ್ನು ಓದಲು ಹಚ್ಚಿತು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಕಂಡುಕೊಂಡದ್ದು ಇದು: ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ. ಗಾಯದ ಸುತ್ತ ಗೋಡೆ ಕಟ್ಟಿ ಕೊಳೆ ಹರಡದಂತೆ ತಡೆದು, ಅದರ ಮೇಲೆ ಹೊಸ ಮರದ ಪದರವನ್ನು ಬೆಳೆಸಿಕೊಳ್ಳುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಉಳಿದಿರುತ್ತದೆ. ಮೇಲೆ ಏನನ್ನಾದರೂ ಬಳಿಯುವುದರಿಂದ ಹೆಚ್ಚಿನ ಉಪಯೋಗವಿಲ್ಲ ಎಂದೂ ಅವರು ತೋರಿಸಿದರು. ಸೆಗಣಿ ಮಣ್ಣಿನ ವಿಷಯದಲ್ಲಿ ಅಪ್ಪ ಇದನ್ನು ಒಪ್ಪಲಿಲ್ಲ, ಫೋನಿನಲ್ಲೇ ವಾದ ಮಾಡಿದರು. ಆದರೆ ಬುಡದ ಮಣ್ಣು ಗಟ್ಟಿಯಾಗಿದೆ ಎಂದು ಅವರು ಅಂದೇ ಹೇಳಿದ್ದು ನೂರಕ್ಕೆ ನೂರು ಸರಿ. ಕಾಂಡದ ಕಚ್ಚಿಗಿಂತ ದೊಡ್ಡ ಏಟು ನಮ್ಮ ಕಾಲಿನದು. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿರುತ್ತವೆ. ಸಾವಿರಾರು ಬೂಟುಗಳು ತುಳಿದು ತುಳಿದು ಮಣ್ಣಿನ ಸಂದು ಮುಚ್ಚಿದರೆ ನೀರಿಲ್ಲ, ಗಾಳಿಯಿಲ್ಲ. ಹಾಗಾಗಿಯೇ ಒಳ್ಳೆಯ ಕೋರ್ಸ್‌ಗಳಲ್ಲಿ ಬುಟ್ಟಿಯನ್ನು ನೆಡಲು ಎರಡು ಮೂರು ಜಾಗ ಮಾಡಿಟ್ಟು, ಆಗಾಗ ಬದಲಿಸಿ, ತುಳಿದ ನೆಲಕ್ಕೆ ಬಿಡುವು ಕೊಡುತ್ತಾರೆ. ಬುಡಕ್ಕೆ ಮರದ ಚಕ್ಕೆಗಳನ್ನು ಹರಡುತ್ತಾರೆ. ಈ ಕೆಲಸ ಮಾಡುವವರೆಲ್ಲ ಆಟಗಾರರೇ, ಸಂಬಳವಿಲ್ಲದೆ, ಶನಿವಾರದ ಬೆಳಗಿನಲ್ಲಿ. ಎರಡು ವರ್ಷದಿಂದ ನಾನೂ ಹೋಗುತ್ತಿದ್ದೇನೆ. ತಳ್ಳುಗಾಡಿಯಲ್ಲಿ ಚಕ್ಕೆ ತುಂಬಿ ತಂದು ಜೋಡಿ ಬೀಚ್‌ನ ಬುಡಕ್ಕೆ ಸುರಿದು ಹರಡುವಾಗ, ಅಡಿಕೆ ಮರದ ಬುಡಕ್ಕೆ ಗೊಬ್ಬರ ಕೊಡುವ ಕೆಲಸವೇ ಮತ್ತೆ ಕೈಗೆ ಬಂದಂತಾಗುತ್ತದೆ. ಸುತ್ತಿ ಬಳಸಿ ಕೊನೆಗೆ ಈ ಕಾಡಿನಲ್ಲೂ ನನಗೊಂದು ಕೆಲಸ ಸಿಕ್ಕಿದೆ.

ಆ ಬುಡದಲ್ಲೇ, ಎರಡು ಕಾಂಡಗಳ ನಡುವಿನ ಸಂದಿಯಲ್ಲಿ, ಎಲೆಯ ಅಡಿಗೆ ಬೆರಳಿಗೆ ಗಟ್ಟಿ ಅಂಚು ತಾಗಿತು. ಎಳೆದು ತೆಗೆದರೆ ಅದು ನನ್ನದಲ್ಲ. ನೀಲಿ ಬಣ್ಣದ ಹಳೆಯ ಪಟರ್, ಅಂಚೆಲ್ಲ ತರಚಿ ದೊರಗಾದದ್ದು, ಒಳಮೈಗೆ ಕೆಂಪು ಮಣ್ಣು ಕಟ್ಟಿತ್ತು. ಉಗುರಿನಿಂದ ಮಣ್ಣು ಕೆರೆದು ಅಂಗಿಯ ತೋಳಿನಿಂದ ಒರೆಸಿದೆ. ಮಾಸಿದ ಕಪ್ಪು ಶಾಯಿಯಲ್ಲಿ ಒಂದು ಫೋನ್ ಸಂಖ್ಯೆ ಇತ್ತು. ಈ ಆಟದವರಲ್ಲಿ ಅದೊಂದು ಒಳ್ಳೆಯ ಪದ್ಧತಿ. ಎಲ್ಲರೂ ಡಿಸ್ಕ್‌ನ ಹಿಂದೆ ಸಂಖ್ಯೆ ಬರೆದಿಡುತ್ತಾರೆ, ಸಿಕ್ಕವರು ಕರೆ ಮಾಡುತ್ತಾರೆ.

ನನ್ನ ಕಿತ್ತಳೆ ಡಿಸ್ಕ್ ಸಿಗಲಿಲ್ಲ. ಉಳಿದ ಮೂರರಲ್ಲಿ ಸುತ್ತು ಮುಗಿಸಿದೆ. ಹದಿನೈದರಲ್ಲಿ ದೂರದಿಂದ ಬಿಟ್ಟ ಒಂದು ಎಸೆತ ಎರಡು ಓಕ್‌ಗಳ ನಡುವೆ ನುಸುಳಿ ಸರಪಳಿಗೆ ಬಿದ್ದು ಘಲ್ಲೆಂದಿತು. ನೋಡಲು ಒಂದು ಮರಕುಟಿಗ ಮಾತ್ರ ಇತ್ತು. ಹದಿನೆಂಟನೆಯದು ಮುಗಿಯುವಾಗ ಇಬ್ಬನಿ ಕರಗಿ ಹುಲ್ಲು ಹೊಳೆಯುತ್ತಿತ್ತು.

ಕಾರಿನ ಬಾಗಿಲು ತೆರೆದಿಟ್ಟು, ಬೂಟು ಬಿಚ್ಚಿ, ಕಾಲು ತಿರುಗಿಸಿ ನೋಡಿಕೊಂಡು, ಆ ಸಂಖ್ಯೆಗೆ ಕರೆ ಮಾಡಿದೆ. ವಯಸ್ಸಾದ ಧ್ವನಿ. ನೀಲಿ ಪಟರ್ ಎಂದ ಕೂಡಲೇ ಅವರು ಒಂದು ಗಳಿಗೆ ಸುಮ್ಮನಾದರು. ಅದು ಕಳೆದು ಎರಡು ಚಳಿಗಾಲ ಆಯಿತಂತೆ. ಮಗಳು ಕೊಟ್ಟದ್ದಂತೆ. ಎಲ್ಲಿ ಸಿಕ್ಕಿತೆಂದು ಕೇಳಿದರು. ಹನ್ನೊಂದರಲ್ಲಿ, ದಾರಿಯ ಎಡಕ್ಕೆ ಸ್ವಲ್ಪ ಒಳಗೆ ಎಂದು ನಾನು ವಿವರಿಸಲು ತೊಡಗಿದೆ. ಮಾತು ಮುಗಿಯುವ ಮೊದಲೇ ಅವರು ಕೇಳಿದರು: 'ಆ ಜೋಡಿ ಬೀಚ್ ಇದೆಯಲ್ಲ, ಅದರ ಬುಡದಲ್ಲಾ?'